ಗಾಲಿಯಿಲ್ಲದ ದ್ವೀಪದಲ್ಲಿ ಪರದೇಶಿಗಳ ಸಂಸಾರ

ಮೇ ತಿಂಗಳ ಕೊನೆಯ ವಾರ. ವರ್ಷ ೧೯೬೦ರ ಸುಮಾರು ಎಂದಿಟ್ಟುಕೊಳ್ಳೋಣ. ಗ್ರೀಸ್ ದೇಶದ ಹೈಡ್ರಾ ಎಂಬ ಪುಟ್ಟ ದ್ವೀಪದ ಬಂದರುಕಟ್ಟೆಯ ಮೇಲೆ ಒಂದು ದಿನಸಿ ಅಂಗಡಿ. ಒಳಗೆ ಎಣ್ಣೆಯ ಪೀಪಾಯಿ, ಕಾಳಿನ ಮೂಟೆ, ಸೀಮೆಎಣ್ಣೆಯ ಡಬ್ಬ, ಹಗ್ಗದ ಸುರುಳಿ. ಹೊರಗೆ ನಾಲ್ಕಾರು ಮೇಜು, ಹಗ್ಗ ಹೆಣೆದ ಕುರ್ಚಿಗಳು. ಆ ಕುರ್ಚಿಗಳ ಮೇಲೆ ಕುಳಿತವರನ್ನು ನೋಡಿದರೆ ಊರಿನವರಲ್ಲವೆಂಬುದು ಒಡನೆಯೇ ತಿಳಿಯುತ್ತದೆ. ಬಿಸಿಲಿಗೆ ಕೆಂಪಾದ ಮೈ, ಮಾಸಿದ ಅಂಗಿ, ಕಾಲಲ್ಲಿ ಚಪ್ಪಲಿ; ಕೆಲವರಿಗೆ ಅದೂ ಇಲ್ಲ. ಆಸ್ಟ್ರೇಲಿಯದವರು, ಕೆನಡದವರು, ನಾರ್ವೆಯವರು, ಇಂಗ್ಲಿಷರು. ಮಾತು ಸಾಹಿತ್ಯದ ಮೇಲೆ ನಡೆದಿದೆ. ಕಣ್ಣು ಮಾತ್ರ ಕಡಲಿನ ಮೇಲಿದೆ.

ಪಿರೇಯಸ್ ರೇವಿನಿಂದ ಬರುವ ಹಡಗು ಬಂಡೆಯ ತುದಿಯನ್ನು ಬಳಸಿ ಕಾಣಿಸಿಕೊಂಡಿತೋ ಇಲ್ಲವೋ, ಮಾತು ನಿಂತುಹೋಗುತ್ತದೆ. ಹಡಗಿನಲ್ಲಿ ಅಂಚೆಯ ಚೀಲವುಂಟು. ಚೀಲದಲ್ಲಿ ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಪ್ರಕಾಶಕರ ಪತ್ರವಿರಬಹುದು. ಪತ್ರದಲ್ಲಿ ಒಂದು ಚೆಕ್ಕು ಇರಬಹುದು! ಇದ್ದರೆ ಅಂಗಡಿಯ ಸಾಲ ಅಷ್ಟು ತೀರಿತು, ಮಕ್ಕಳಿಗೆ ಹೊಸ ಪಾದರಕ್ಷೆ ಬಂತು. ಇಲ್ಲದಿದ್ದರೆ ಅಂಗಡಿಯವನ ಖಾತೆ ಪುಸ್ತಕದಲ್ಲಿ ಮತ್ತೊಂದು ಸಾಲು ಏರಿತು.

ಕೆಲಸ ಬಿಟ್ಟು, ಊರು ಬಿಟ್ಟು, ನೀಲಿ ಕಡಲಿನ ದಡದಲ್ಲಿ ಒಂದು ಬಿಳಿಯ ಮನೆಯಲ್ಲಿ ಹಾಯಾಗಿ ಇದ್ದುಬಿಡೋಣವೆಂಬ ಆಸೆ ಯಾರ ಮನಸ್ಸಿನಲ್ಲಿ ಒಮ್ಮೆಯಾದರೂ ಸುಳಿದಿಲ್ಲ? ಕಚೇರಿಯ ಗಡಿಯಾರವನ್ನು ನೋಡಿ ನಿಟ್ಟುಸಿರಿಡುವ ಪ್ರತಿಯೊಬ್ಬ ಗೃಹಸ್ಥನ ಕನಸು ಅದು. ಆ ಕನಸನ್ನು ನಿಜವಾಗಿ ಬಾಳಿ ನೋಡಿದವರು ಹೈಡ್ರಾದ ಪರದೇಶಿಗಳು. ನಮ್ಮ ಭಾಷೆಯಲ್ಲಿ ಪರದೇಶಿ ಎಂಬ ಶಬ್ದಕ್ಕೆ ಎರಡು ಅರ್ಥ: ಬೇರೆ ದೇಶದವನೆಂದು ಒಂದು, ದಿಕ್ಕಿಲ್ಲದವನೆಂದು ಇನ್ನೊಂದು. ಈ ಜನ ಬೇಸಗೆಯ ಆರಂಭದಲ್ಲಿ ಮೊದಲನೆಯ ಅರ್ಥದಲ್ಲೂ, ಹಲವು ಸಲ ಎರಡನೆಯ ಅರ್ಥದಲ್ಲೂ ಪರದೇಶಿಗಳಾಗಿದ್ದರು.

ಕಲ್ಲು, ಕತ್ತೆ, ಮೆಟ್ಟಿಲು

ಹೈಡ್ರಾ ಅಥೆನ್ಸಿಗೆ ದಕ್ಷಿಣದಲ್ಲಿ, ಪೆಲೊಪೊನೀಸ್ ಕರಾವಳಿಗೆ ಸಮೀಪದಲ್ಲಿರುವ ಉದ್ದನೆಯ ಬಂಡೆ. ವಿಸ್ತಾರ ಸುಮಾರು ೫೦ ಚದರ ಕಿಲೋಮೀಟರು. ಊರೆಂದು ಹೇಳಬಹುದಾದದ್ದು ಒಂದೇ. ಅದು ಬಂದರಿನ ಸುತ್ತ ನಾಟಕಶಾಲೆಯ ಆಸನಗಳಂತೆ ಮೆಟ್ಟಿಲುಮೆಟ್ಟಿಲಾಗಿ ಬೆಟ್ಟವೇರಿದೆ. ಬೀದಿಗಳೇ ಮೆಟ್ಟಿಲಾದ ಮೇಲೆ ಗಾಡಿಗೆಲ್ಲಿ ಎಡೆ? ಅಕ್ಕಿಯ ಮೂಟೆಯಿಂದ ಹಿಡಿದು ಮದುವೆಯ ಮಂಚದವರೆಗೆ ಎಲ್ಲವೂ ಕತ್ತೆ, ಹೇಸರಗತ್ತೆಗಳ ಬೆನ್ನಿನ ಮೇಲೆಯೇ ಮನೆ ಸೇರಬೇಕು. ಇಂದಿಗೂ ಅಲ್ಲಿ ಜನರ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ.

ಬಡ ಬಂಡೆಯ ಮೇಲೆ ನಿಂತಿರುವ ಕಲ್ಲಿನ ಮಹಲುಗಳನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲೂ ಹತ್ತೊಂಬತ್ತನೆಯದರ ಮೊದಲಲ್ಲೂ ಹೈಡ್ರಾದ ವರ್ತಕರು ಹಾಯಿಹಡಗುಗಳಲ್ಲಿ ಧಾನ್ಯ ಸಾಗಿಸಿ, ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಬ್ರಿಟಿಷರ ದಿಗ್ಬಂಧನವನ್ನು ಸೀಳಿ ನುಗ್ಗಿ, ಅಪಾರ ಹಣ ಗಳಿಸಿದರು. ೧೮೨೧ರಲ್ಲಿ ಗ್ರೀಕರು ತುರ್ಕರ ವಿರುದ್ಧ ಎದ್ದಾಗ ಅದೇ ವರ್ತಕರು ಹಣವನ್ನೂ ನೂರಕ್ಕೂ ಮಿಕ್ಕ ಹಡಗುಗಳನ್ನೂ ಸ್ವಾತಂತ್ರ್ಯಕ್ಕೆ ಸುರಿದರು. ದೇಶ ಗೆದ್ದಿತು, ದ್ವೀಪ ಸೋತಿತು. ಉಗಿಹಡಗು ಬಂದ ಮೇಲೆ ಹಾಯಿಯ ಕಾಲ ಮುಗಿಯಿತು. ಉಳಿದದ್ದು ಸ್ಪಂಜು ತೆಗೆಯುವ ಕಸುಬು. ಅದೂ ಕ್ಷೀಣಿಸಿತು. ಎರಡನೆಯ ಮಹಾಯುದ್ಧದ ಕ್ಷಾಮ, ಅದರ ಹಿಂದೆಯೇ ೧೯೪೯ರವರೆಗೆ ನಡೆದ ಅಂತರ್ಯುದ್ಧ. ಜನ ಅಥೆನ್ಸಿಗೆ ಹೋದರು, ಅಮೆರಿಕಕ್ಕೆ ಹೋದರು, ಆಸ್ಟ್ರೇಲಿಯಕ್ಕೆ ಹೋದರು. ಮನೆಗಳು ಬೀಗ ಹಾಕಿಕೊಂಡು ನಿಂತವು.

ಹೀಗೆ ಊರಿನವರು ಬಿಟ್ಟುಹೋದ ಮನೆಗಳೇ ಪರದೇಶಿಗಳನ್ನು ಕರೆದದ್ದು.

ಅಗ್ಗದ ಗುಟ್ಟು

೧೯೫೩ರಲ್ಲಿ ಗ್ರೀಕ್ ಸರ್ಕಾರ ತನ್ನ ನಾಣ್ಯವಾದ ದ್ರಾಖ್ಮದ ಬೆಲೆಯನ್ನು ಅರ್ಧಕ್ಕೆ ಇಳಿಸಿತು. ಒಂದು ಡಾಲರಿಗೆ ೩೦ ದ್ರಾಖ್ಮ (ಸೊನ್ನೆಗಳನ್ನು ಕಳೆದ ಮೇಲಿನ ಹೊಸ ಲೆಕ್ಕ) ಎಂಬ ದರ ಮುಂದೆ ಇಪ್ಪತ್ತು ವರ್ಷ ನಿಂತಿತು. ಪರದೇಶದ ಹಣವುಳ್ಳವನಿಗೆ ಗ್ರೀಸಿನಲ್ಲಿ ರೊಟ್ಟಿ, ಎಣ್ಣೆ, ದ್ರಾಕ್ಷಾರಸ, ಮನೆಬಾಡಿಗೆ ಎಲ್ಲವೂ ಒಮ್ಮೆಲೇ ಅಗ್ಗವಾದವು. ದಿನಗೂಲಿಯಲ್ಲಿ ಬದುಕುವ ದ್ವೀಪದವನಿಗೆ ಅವೇ ರೊಟ್ಟಿ, ಎಣ್ಣೆಗಳು ಎಂದಿನಷ್ಟೇ ದುಬಾರಿ. ಒಂದೇ ಅಂಗಡಿ, ಒಂದೇ ತಕ್ಕಡಿ, ಬೇರೆ ಬೇರೆ ಭಾರ!

ಆಸ್ಟ್ರೇಲಿಯದ ಪತ್ರಕರ್ತ ಜಾರ್ಜ್ ಜಾನ್‌ಸ್ಟನ್ ಲಂಡನ್ನಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವರು. ೧೯೫೪ರ ಕೊನೆಯಲ್ಲಿ ಅವರು ಕೆಲಸಕ್ಕೆ ಶರಣು ಹೊಡೆದು, ಲೇಖಕಿಯಾದ ಪತ್ನಿ ಶಾರ್ಮಿಯನ್ ಕ್ಲಿಫ್ಟ್ ಅವರನ್ನೂ ಇಬ್ಬರು ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಗ್ರೀಸಿಗೆ ಬಂದರು. ಮೊದಲು ನಿಂತದ್ದು ತುರ್ಕಿಯ ಕರಾವಳಿಗೆ ಹತ್ತಿರದ ಕಾಲಿಮ್ನೋಸ್ ದ್ವೀಪದಲ್ಲಿ. ಅಲ್ಲಿಯ ಸ್ಪಂಜಿನ ಮುಳುಗುಗಾರರನ್ನು ಆಸ್ಟ್ರೇಲಿಯದ ಡಾರ್ವಿನ್ ಪಟ್ಟಣಕ್ಕೆ ಕರೆದೊಯ್ಯುವ ಒಂದು ಯೋಜನೆ ಆಗ ನಡೆದಿತ್ತು. ಆ ಸುದ್ದಿಯೇ ಅವರನ್ನು ಅತ್ತ ಎಳೆದದ್ದು. ವಿಧಿಯ ವಿನೋದವನ್ನು ನೋಡಿ: ದ್ವೀಪದವರು ಹಸಿವಿನಿಂದ ಪಾರಾಗಲು ಆಸ್ಟ್ರೇಲಿಯಕ್ಕೆ ಹೊರಟು ನಿಂತಿದ್ದಾರೆ; ಆಸ್ಟ್ರೇಲಿಯದವರು ನೆಮ್ಮದಿಯನ್ನು ಹುಡುಕಿಕೊಂಡು ಆ ದ್ವೀಪಕ್ಕೇ ಬಂದಿಳಿಯುತ್ತಾರೆ!

೧೯೫೫ರ ಆಗಸ್ಟಿನಲ್ಲಿ ಸಂಸಾರ ಹೈಡ್ರಾಕ್ಕೆ ಬಂತು. ಮರುವರ್ಷ ಒಂದು ಹಳೆಯ ಮನೆಯನ್ನು ಕೊಂಡರು. ಯುದ್ಧಕಾಲದಲ್ಲಿ ಕಾಗದದ ನೋಟು ಕಸವಾದುದನ್ನು ಕಂಡಿದ್ದ ಗ್ರೀಕರು ಮನೆಯ ಬೆಲೆಯನ್ನು ಹೇಳುತ್ತಿದ್ದದ್ದು ಚಿನ್ನದ ಪವನುಗಳಲ್ಲಿ. ಬೀದಿಯ ಬಾವಿಗೆ ಹತ್ತಿರವಿದ್ದುದರಿಂದ ಅದು ಬಾವಿಯ ಬಳಿಯ ಮನೆ ಎಂದೇ ಹೆಸರಾಯಿತು. ೧೯೫೬ರ ಏಪ್ರಿಲಿನಲ್ಲಿ ಮೂರನೆಯ ಮಗು ಹುಟ್ಟಿತು. ಆ ವರ್ಷದ ಬೇಸಗೆಯ ಆರಂಭವನ್ನು ಕ್ಲಿಫ್ಟ್ ಎದುರಿಸಿದ್ದು ತೋಳಿನಲ್ಲಿ ಕೈಗೂಸನ್ನೂ ತಲೆಯಲ್ಲಿ ಅರ್ಧ ಬರೆದ ಪುಸ್ತಕವನ್ನೂ ಹೊತ್ತುಕೊಂಡು.

ತೊಟ್ಟಿಯ ಲೆಕ್ಕ

ಪ್ರಾಚೀನ ಕಾಲದಲ್ಲಿ ಈ ದ್ವೀಪದ ಹೆಸರು ಹೈಡ್ರೆಯ. ನೀರುಳ್ಳದ್ದು ಎಂದು ಅದರ ಅರ್ಥವಂತೆ. ಈಗ ಅದು ಪರಿಹಾಸ್ಯದಂತೆ ಕೇಳಿಸುತ್ತದೆ. ಹೊಳೆಯಿಲ್ಲ, ಕೆರೆಯಿಲ್ಲ, ಬಾವಿಗಳು ಬೆರಳೆಣಿಕೆಯಷ್ಟು. ಚಳಿಗಾಲದಲ್ಲಿ ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ನೆಲದಡಿಯ ತೊಟ್ಟಿಗೆ ಇಳಿಸಿಕೊಳ್ಳಬೇಕು. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮಳೆಯೆಂಬುದು ಅಪರೂಪ. ಆದುದರಿಂದ ಬೇಸಗೆಯ ಮೊದಲ ದಿನಗಳಲ್ಲಿ ತೊಟ್ಟಿಯ ಮುಚ್ಚಳವನ್ನೆತ್ತಿ, ಕೊಡ ಇಳಿಬಿಟ್ಟು, ನೀರು ಎಷ್ಟು ಮೊಳವಿದೆಯೆಂದು ನೋಡುವುದು ಗೃಹಿಣಿಯ ಮೊದಲ ಕರ್ತವ್ಯ. ಇಷ್ಟರಲ್ಲಿ ನಾಲ್ಕು ತಿಂಗಳು ಸಾಗಬೇಕು. ಕುಡಿಯಲು ಬಾವಿಯ ಸಿಹಿನೀರು. ಅಡುಗೆಗೂ ಸ್ನಾನಕ್ಕೂ ತೊಟ್ಟಿಯ ನೀರು. ಪಾತ್ರೆ ತೊಳೆದ ನೀರು ಬಳ್ಳಿಯ ಬುಡಕ್ಕೆ. ತೊಟ್ಟಿ ಬತ್ತಿದರೆ ನೀರನ್ನು ಹಣ ಕೊಟ್ಟು ಹೊರಿಸಬೇಕು. ಮುಂದೆ ಬಹುಕಾಲ ಎದುರುದಡದಿಂದ ನೀರಿನ ಹಡಗುಗಳೇ ಬರುತ್ತಿದ್ದವು. ಕಡಲ ನೀರನ್ನು ಸಿಹಿಗೊಳಿಸುವ ಯಂತ್ರಸ್ಥಾವರ ಬಂದದ್ದು ತೀರ ಈಚೆಗೆ.

ನಮ್ಮ ನಗರದ ಗೃಹಿಣಿಯರಿಗೆ ಈ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ. ನಲ್ಲಿಯಲ್ಲಿ ನೀರು ನಿಂತ ದಿನ ಬಿಂದಿಗೆಗಳನ್ನು ಎಣಿಸಿದವರಿಗೆ ಹೈಡ್ರಾ ದೂರದ ಊರಲ್ಲ.

ಅಡುಗೆಮನೆಯ ದಿನಚರಿಯೂ ಹೀಗೆಯೇ ಲೆಕ್ಕಾಚಾರದ್ದು. ಒಲೆ ಇದ್ದಲಿನದು, ಅವಸರಕ್ಕೆ ಸೀಮೆಎಣ್ಣೆಯ ಪ್ರೈಮಸ್ ಸ್ಟೌ. ರಾತ್ರಿಗೆ ಎಷ್ಟೋ ಮನೆಗಳಲ್ಲಿ ಎಣ್ಣೆಯ ದೀಪವೇ ಗತಿ. ಮಾಂಸದ ತಟ್ಟೆಯನ್ನೋ ತರಕಾರಿಯ ತಟ್ಟೆಯನ್ನೋ ಮನೆಯಲ್ಲಿ ಅಣಿಮಾಡಿ, ರೊಟ್ಟಿ ಸುಡುವವನ ದೊಡ್ಡ ಒಲೆಗೆ ಕಳುಹಿಸಿ, ಬೆಂದ ಮೇಲೆ ಬಟ್ಟೆ ಮುಚ್ಚಿ ಮನೆಗೆ ತರುವುದು ಭಾನುವಾರದ ಪದ್ಧತಿ. ಬೇಸಗೆಯ ಆರಂಭವೆಂದರೆ ತರಕಾರಿಯ ದೋಣಿಗಳ ಮೇಲೆ ಬಣ್ಣ ಬರುವ ಕಾಲ. ಚಳಿಗಾಲವೆಲ್ಲ ಎಲೆಕೋಸನ್ನೂ ಒಣಗಿದ ಕಾಳನ್ನೂ ತಿಂದು ಬೇಸತ್ತವರ ಮುಂದೆ ಮೊದಲ ಚೆರ್ರಿ, ಮೊದಲ ಜರ್ದಾಳು, ಮೊದಲ ಸೌತೆ! ಕಡಲೂ ಮೈಯಿಳಿಸಬಹುದಾದಷ್ಟು ಬೆಚ್ಚಗಾಗುತ್ತದೆ. ಬಂದರಿನ ಪಕ್ಕದ ಬಂಡೆಗಳಿಂದ ಊರಿನ ಹುಡುಗರು ನೀರಿಗೆ ಹಾರುತ್ತಾರೆ. ಅವರ ನಡುವೆ ಗ್ರೀಕರಂತೆಯೇ ಕಿರುಚಾಡುತ್ತ ಪರದೇಶಿಗಳ ಮಕ್ಕಳು. ತಂದೆತಾಯಿಗಳು ಅಂಗಡಿಯಲ್ಲಿ ತಡವರಿಸಿ ಆಡುವ ಭಾಷೆಯನ್ನು ಮಕ್ಕಳು ಬೀದಿಯಲ್ಲಿ ಆರು ತಿಂಗಳೊಳಗೆ ನುಂಗಿ ನೀರು ಕುಡಿದಿರುತ್ತಾರೆ.

ಮೇ ಒಂದನೆಯ ತಾರೀಖು ಮನೆಮನೆಯ ಬಾಗಿಲಿಗೆ ಕಾಡುಹೂವಿನ ಮಾಲೆ ಏರುತ್ತದೆ. ಅದು ಒಣಗುತ್ತ ಒಣಗುತ್ತ ಜೂನ್ ೨೩ರ ಸಂಜೆಯವರೆಗೆ ಅಲ್ಲಿಯೇ ಇರಬೇಕು. ಸಂತ ಯೋಹಾನನ ಹಬ್ಬದ ಹಿಂದಿನ ರಾತ್ರಿ ಅದನ್ನು ಬೀದಿಯ ಬೆಂಕಿಗೆ ಹಾಕಿ ಮಕ್ಕಳು ಜ್ವಾಲೆಯ ಮೇಲೆ ಹಾರುವುದು ಗ್ರೀಸಿನ ಹಳೆಯ ಸಂಪ್ರದಾಯ. ಈ ಎರಡು ದಿನಗಳ ನಡುವಿನ ಏಳೆಂಟು ವಾರಗಳೇ ದ್ವೀಪದ ಅತಿ ಸುಂದರ ಕಾಲ. ಮಧ್ಯಾಹ್ನ ಎರಡರಿಂದ ಐದರವರೆಗೆ ಕಿಟಕಿಗಳು ಮುಚ್ಚಿರುತ್ತವೆ, ಊರು ನಿದ್ರಿಸುತ್ತದೆ. ಆಗ ಎಲ್ಲೋ ಒಂದು ಮಾಳಿಗೆಯಿಂದ ಬೆರಳಚ್ಚು ಯಂತ್ರದ ಟಕಟಕ ಶಬ್ದ ಮಾತ್ರ ಕೇಳಿಬರುತ್ತದೆ.

ಖಾತೆಯ ಲೆಕ್ಕ

ಆ ಟಕಟಕದಿಂದಲೇ ಅನ್ನ ಹುಟ್ಟಬೇಕು. ಜಾನ್‌ಸ್ಟನ್ ದಂಪತಿಗಳು ವರ್ಷವಿಡೀ ಬರೆದರು. ಪ್ರಕಾಶಕರ ಹಣ ಮಾತ್ರ ಮಳೆಯಂತೆ. ಬಂದರೆ ಒಮ್ಮೆಗೇ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ನಡುವಿನ ತಿಂಗಳುಗಳನ್ನು ದಾಟಿಸಿದವನು ಬಂದರಿನ ದಿನಸಿ ಅಂಗಡಿಯವನು. ಕಾತ್ಸಿಕಾಸ್ ಮನೆತನದವರ ಆ ಅಂಗಡಿ ಪರದೇಶಿಗಳಿಗೆ ಕಾಫಿಗೃಹವೂ ಹೌದು, ಅಂಚೆಯ ಜಗಲಿಯೂ ಹೌದು, ಬ್ಯಾಂಕೂ ಹೌದು. ಪುಸ್ತಕ ಓದದವನು ಪುಸ್ತಕ ಬರೆಯುವವರಿಗೆ ಉದ್ದರಿ ಕೊಟ್ಟನು. ಯಾವ ಸಾಕ್ಷಿಯ ಮೇಲೆ? ಮನೆಯಲ್ಲಿ ಮಕ್ಕಳಿವೆ, ಚಳಿಗಾಲದಲ್ಲೂ ಊರು ಬಿಟ್ಟು ಹೋಗಲಿಲ್ಲ. ಅಷ್ಟೇ ಸಾಕ್ಷಿ.

೧೯೬೦ರ ಏಪ್ರಿಲಿನಲ್ಲಿ ಕೆನಡದಿಂದ ಒಬ್ಬ ಇಪ್ಪತ್ತೈದು ವರ್ಷದ ಕವಿ ಬಂದಿಳಿದ. ಹೆಸರು ಲಿಯೊನಾರ್ಡ್ ಕೋಹೆನ್. ಜಾನ್‌ಸ್ಟನ್ ದಂಪತಿಗಳು ಅವನಿಗೆ ಆಸರೆಯಾದರು. ಬೇಸಗೆ ಕಳೆದು, ಸೆಪ್ಟೆಂಬರಿನಲ್ಲಿ, ಅಜ್ಜಿಯಿಂದ ಬಂದ ಹಣದಲ್ಲಿ ಅವನು ೧೫೦೦ ಡಾಲರಿಗೆ, ಅಂದರೆ ಸುಮಾರು ೪೫,೦೦೦ ದ್ರಾಖ್ಮಕ್ಕೆ, ಒಂದು ಹಳೆಯ ಮನೆಯನ್ನು ಕೊಂಡ. ನಲ್ಲಿಯಿಲ್ಲ, ವಿದ್ಯುತ್ತಿಲ್ಲ. ಕತ್ತೆಯ ಮೇಲೆ ಕಸ ಒಯ್ಯುವವನು ತನ್ನ ಬಾಗಿಲಿಗೂ ಬರತೊಡಗಿದಾಗ ದೊಡ್ಡ ಬಿರುದೇ ಬಂದಂತೆ ಹಿಗ್ಗಿದನಂತೆ. ನಗಬೇಡಿ! ಊರಿನ ಪಟ್ಟಿಯಲ್ಲಿ ಹೆಸರು ಸೇರುವುದು ಹೀಗೆಯೇ ಅಲ್ಲವೆ? ಮುಂದೆ ಅವನ ಕಿಟಕಿಯೆದುರು ಕಂಬ ನೆಟ್ಟು ತಂತಿ ಎಳೆದರು. ಹಳೆಯ ಕಾಲವೇ ಮುಗಿಯಿತೆಂದು ಅವನು ಖಿನ್ನನಾದ. ಆ ತಂತಿಯ ಮೇಲೆ ಹಕ್ಕಿಗಳು ಬಂದು ಕುಳಿತುದನ್ನು ಕಂಡು ಅವನಿಗೆ ಹೊಳೆದ ಹಾಡು ಲೋಕಪ್ರಸಿದ್ಧವಾಯಿತು.

ಬೇಸಗೆಯ ಅತಿಥಿಗಳು

ಜೂನ್ ನಡುವಿಗೆ ಬರುವಾಗ ಹಡಗಿನಿಂದ ಇಳಿಯುವವರ ಸಂಖ್ಯೆ ಏರುತ್ತದೆ. ಹೊಸ ಟೋಪಿ, ಹೊಸ ಕ್ಯಾಮೆರಾ, ಬಿಳಿಯ ಕಾಲು. ಅವರು ಚಿತ್ರ ತೆಗೆಯುತ್ತಾರೆ. ಕತ್ತೆಯದೂ, ಮುದುಕಿಯದೂ, ಅಂಗಡಿಯ ಮುಂದೆ ಕುಳಿತ ಪರದೇಶಿಗಳದೂ. ವರ್ಷವಿಡೀ ಇರುವವರು ಒಳಗೊಳಗೇ ಸಿಡಿಮಿಡಿಗೊಳ್ಳುತ್ತಾರೆ. ತಾವು ದ್ವೀಪದವರು, ಇವರು ಪರಕೀಯರು ಎಂದು ಅವರ ಭಾವನೆ. ಊರಿನವರ ಕಣ್ಣಿಗೆ ಇವರೂ ಅವರೂ ಪರಕೀಯರೇ. ವ್ಯತ್ಯಾಸವಿಷ್ಟೆ: ಒಬ್ಬರು ರೊಕ್ಕ ಕೊಡುತ್ತಾರೆ, ಇನ್ನೊಬ್ಬರು ಉದ್ದರಿ ಬರೆಸುತ್ತಾರೆ. ಪಾಪ, ಬಾಡಿಗೆ ಏರುವುದೂ ಮೀನಿನ ಬೆಲೆ ಏರುವುದೂ ಇದೇ ತಿಂಗಳು!

ಜೂನ್ ಕೊನೆಯ ಹೊತ್ತಿಗೆ ಮಿಯಾವುಲಿಯ ಉತ್ಸವ. ೧೮೨೧ರ ಸ್ವಾತಂತ್ರ್ಯ ಸಮರದ ನೌಕಾಧಿಪತಿ, ಹೈಡ್ರಾದ ಆಂದ್ರೆಯಾಸ್ ಮಿಯಾವುಲಿಸನ ನೆನಪಿನ ಹಬ್ಬವದು. ಶತ್ರುಹಡಗುಗಳಿಗೆ ಬೆಂಕಿಯ ದೋಣಿಗಳನ್ನು ನುಗ್ಗಿಸಿ ಸುಟ್ಟ ಆ ಸಾಹಸವನ್ನು ನೆನೆದು, ರಾತ್ರಿ ಬಂದರಿನ ನಡುನೀರಿನಲ್ಲಿ ಒಂದು ದೋಣಿಗೆ ಬೆಂಕಿಯಿಡುತ್ತಾರೆ. ಆಕಾಶಬಾಣಗಳು ಸಿಡಿಯುತ್ತವೆ. ಪ್ರವಾಸಿಗೆ ಅದು ದೀಪಾವಳಿಯಂಥ ನೋಟ. ದ್ವೀಪದವನಿಗೆ ಅದು ಮುತ್ತಜ್ಜನ ಕಥೆ. ಪರದೇಶಿ ನಡುವೆ ನಿಂತು ನೋಡುತ್ತಾನೆ. ನೋಟಕ್ಕಿಂತ ಹೆಚ್ಚಿನದೆಂದು ಬಲ್ಲ, ತನ್ನ ಕಥೆಯೆನ್ನುವ ಹಕ್ಕು ಮಾತ್ರ ಅವನಿಗಿಲ್ಲ.

೧೯೬೦ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಜೇಮ್ಸ್ ಬರ್ಕ್ ಹೈಡ್ರಾಕ್ಕೆ ಬಂದು ಈ ಪರದೇಶಿಗಳ ನೂರಾರು ಚಿತ್ರಗಳನ್ನು ತೆಗೆದರು. ಆ ಚಿತ್ರಲೇಖನ ಆಗ ಅಚ್ಚಾಗಲೇ ಇಲ್ಲ. ಬರ್ಕ್ ೧೯೬೪ರಲ್ಲಿ ಹಿಮಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಕಡಿದಾದ ಕಣಿವೆಗೆ ಬಿದ್ದು ತೀರಿಕೊಂಡರು. ಚಿತ್ರಗಳು ಉಳಿದಿವೆ. ಮರದ ಕೆಳಗೆ ಹಾಡು, ದೋಣಿಯಲ್ಲಿ ನಗು, ಉದ್ದನೆಯ ಮೇಜಿನ ಸುತ್ತ ಸ್ನೇಹಿತರು. ನೋಡಿದವರಿಗೆ ಇವರಿಗಿಂತ ಸುಖಿಗಳುಂಟೆ ಎನ್ನಿಸುತ್ತದೆ. ತೊಟ್ಟಿಯ ನೀರನ್ನು ಅಳೆಯುವ ಕೈಯೂ, ಖಾತೆಯ ಪುಸ್ತಕವೂ ಕ್ಯಾಮೆರಾಕ್ಕೆ ಸುಲಭವಾಗಿ ಸಿಕ್ಕುವಂಥವಲ್ಲ.

ತೆತ್ತ ಬೆಲೆ

ಹೈಡ್ರಾದ ವರ್ಷವೊಂದನ್ನು ಕ್ಲಿಫ್ಟ್ ಫೆಬ್ರವರಿಯಿಂದ ಅಕ್ಟೋಬರಿನವರೆಗೆ ತಿಂಗಳು ತಿಂಗಳಾಗಿ ಬರೆದಿಟ್ಟರು. ೧೯೫೯ರಲ್ಲಿ ಹೊರಬಂದ ಆ ಪುಸ್ತಕದ ಹೆಸರು ‘ಪೀಲ್ ಮಿ ಎ ಲೋಟಸ್’. ಇಲ್ಲಿಯ ಲೋಟಸ್ ನಮ್ಮ ಕಮಲವಲ್ಲ. ಹೋಮರನ ಮಹಾಕಾವ್ಯದಲ್ಲಿ ನಾವಿಕರು ತಿಂದು ಮನೆಯ ದಾರಿಯನ್ನೇ ಮರೆತ ಫಲ. ಆ ಫಲವನ್ನು ಸುಲಿದು ಕೊಡುವ ಕೈ ಯಾರದು? ಪುಸ್ತಕವನ್ನು ಓದಿದರೆ ತಿಳಿಯುತ್ತದೆ. ಗಂಡಸರು ಬಂದರಿನಲ್ಲಿ ಕಲೆಯನ್ನು ಚರ್ಚಿಸುತ್ತಿದ್ದಾಗ ಊಟಕ್ಕೆ ಎಷ್ಟು ಜನರೆಂದು ಎಣಿಸಬೇಕಾದವರು ಆಕೆ. ಅದರ ಮೇಲೆ ಉಳಿದ ಹೊತ್ತಿನಲ್ಲಿ ಬರೆಯಬೇಕು. ಸ್ವಾತಂತ್ರ್ಯವನ್ನು ಅರಸಿ ಬಂದ ಮನೆಯಲ್ಲೂ ಅದರ ಪಾಲು ಸಮನಾಗಿ ಹಂಚಿಹೋಗಲಿಲ್ಲ.

೧೯೫೯ರಲ್ಲಿ ಜಾನ್‌ಸ್ಟನ್ನರಿಗೆ ಕ್ಷಯರೋಗವೆಂದು ವೈದ್ಯರು ಹೇಳಿದರು. ಔಷಧಿಯ ಖರ್ಚು, ಕುಡಿತ, ಜಗಳ, ತೀರದ ಸಾಲ. ಈ ನಡುವೆಯೇ ಅವರು ತಮ್ಮ ಬಾಲ್ಯದ ಮೆಲ್ಬೋರ್ನನ್ನು ನೆನೆದು ‘ಮೈ ಬ್ರದರ್ ಜ್ಯಾಕ್’ ಕಾದಂಬರಿಯನ್ನು ಬರೆದರು. ಬಿಟ್ಟುಬಂದ ಊರು ಕಣ್ಣಿಗೆ ಕಟ್ಟಿದ್ದು ದೂರದ ದ್ವೀಪದಲ್ಲಿ! ೧೯೬೪ರಲ್ಲಿ ಕಾದಂಬರಿ ಪ್ರಕಟವಾಗಿ ಕೀರ್ತಿ ಬಂತು. ಆ ವರ್ಷವೇ ಸಂಸಾರ ಆಸ್ಟ್ರೇಲಿಯಕ್ಕೆ ಹಿಂದಿರುಗಿತು. ಕ್ಲಿಫ್ಟ್ ಅಲ್ಲಿಯ ಪತ್ರಿಕೆಗಳಿಗೆ ವಾರವಾರವೂ ಬರೆದು ಸಾವಿರಾರು ಮನೆಗಳ ಪ್ರೀತಿಯನ್ನು ಗಳಿಸಿದರು. ಆದರೆ ೧೯೬೯ರ ಜುಲೈಯಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಮರುವರ್ಷ ಜುಲೈಯಲ್ಲಿ ಜಾನ್‌ಸ್ಟನ್ನರೂ ತೀರಿಕೊಂಡರು.

ಇದನ್ನೆಲ್ಲ ದ್ವೀಪದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮನುಷ್ಯ ಎಲ್ಲಿಗೆ ಹೋದರೂ ತನ್ನ ಗಂಟನ್ನು ತಾನೇ ಹೊತ್ತೊಯ್ಯುತ್ತಾನೆ. ಹೈಡ್ರಾದ ಕತ್ತೆಗಳೂ ಆ ಗಂಟನ್ನು ಹೊರಲಾರವು. ದ್ವೀಪ ಅವರಿಗೆ ಕೊಟ್ಟದ್ದು ಸಮಯ. ಅದರ ಬೆಲೆ ರೊಟ್ಟಿಯ ಬೆಲೆಯಷ್ಟೇ ಎಂದು ಅವರು ಬಂದಾಗ ನಂಬಿದ್ದರು.

ಇಂದು ಹೈಡ್ರಾದಲ್ಲಿ ಸುಮಾರು ೨೦೦೦ ಜನರಿದ್ದಾರೆ. ವೇಗದ ಹಡಗು ಪಿರೇಯಸ್ಸಿನಿಂದ ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ದ್ರಾಖ್ಮ ಹೋಗಿ ೨೦೦೨ರಿಂದ ಕೈಯಲ್ಲಿ ಯೂರೋ ಇದೆ. ಹದಿನೈದು ನೂರು ಡಾಲರಿಗೆ ಮನೆ ಎಂದರೆ ಈಗ ಊರಿನ ಮಕ್ಕಳೂ ನಕ್ಕಾರು. ಕೋಹೆನ್ ೨೦೧೬ರಲ್ಲಿ ತೀರಿಕೊಳ್ಳುವವರೆಗೂ ತನ್ನ ಮನೆಯನ್ನು ಮಾರಲಿಲ್ಲ. ಅಭಿಮಾನಿಗಳು ಇಂದಿಗೂ ಮೆಟ್ಟಿಲೇರಿ ಬಂದು ಅದರ ಬಾಗಿಲಿನ ಮುಂದೆ ನಿಲ್ಲುತ್ತಾರೆ. ದಿನಸಿ ಅಂಗಡಿಯ ಮುಂದೆ ಹಾಗೆ ನಿಂತು ನಮಸ್ಕರಿಸಿದವರು ಎಷ್ಟು ಮಂದಿಯೋ. ಆದರೆ ಆ ವರ್ಷಗಳ ಹಾಡುಗಳೂ ಕಾದಂಬರಿಗಳೂ ನಮಗೆ ದಕ್ಕುವುದರಲ್ಲಿ ಅವನ ಪಾಲೂ ಇದೆ: ಮೇ ತಿಂಗಳ ಬಿಸಿಲಿನಲ್ಲಿ ಹಡಗಿನ ಅಂಚೆಯಲ್ಲಿ ಏನೂ ಬರಲಿಲ್ಲವೆಂದು ಅವರ ಮುಖದಿಂದಲೇ ತಿಳಿದು, ಮಾತಾಡದೆ ಪುಸ್ತಕ ತೆರೆದು, ಇನ್ನೊಂದು ಸಾಲು ಬರೆದುಕೊಂಡು, ಎಣ್ಣೆಯನ್ನೂ ರೊಟ್ಟಿಯನ್ನೂ ಕಟ್ಟಿಕೊಟ್ಟವನದು.